ಒಂದು ಜೀವ ಉಳಿದಿತ್ತು

"ಹೊಡೀರಿ! ಬಲಕ್ಕ, ಬಲಕ್ಕ... ಅಯ್ಯ, ಬಿಡಬ್ಯಾಡ್ರಿ ಅದನ್ನ!"

ಕನ್ಯಾ ನೋಡಲು ಬಂದ ಹುಡುಗನ ಪಕ್ಕದಲ್ಲಿ ಕೂತು ಹೀಗೆ ಕಿರುಚಿದವಳು ಕುಳಗೇರಿ ಕ್ರಾಸಿನಲ್ಲಿ ನಮ್ಮ ಜಯಶ್ರೀ ಒಬ್ಬಳೇ ಇರಬೇಕು.

ಐದು ನಿಮಿಷದ ಹಿಂದೆ ಇವಳೇ ತಲೆ ಎತ್ತಿರಲಿಲ್ಲ! ಅವಲಕ್ಕಿ, ಚಹಾ ಮುಗಿದ ಮೇಲೆ ಹಿರಿಯರು "ಇಬ್ಬರೂ ಹತ್ತ ನಿಮಿಷ ಮಾತಾಡ್ಲಿ" ಎಂದು ಮುಂದಿನ ಕೋಣೆಗೆ ಕಳಿಸಿದ್ದರು. ಅದು ಅವಳ ಆನ್‌ಲೈನ್ ಸೆಂಟರ್. ಊರವರ ಪಹಣಿ, ಆದಾಯ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ ಎಲ್ಲ ಅಲ್ಲಿನ ಒಂದೇ ಕಂಪ್ಯೂಟರಿನಲ್ಲಿ ಆಗಬೇಕು.

ಬಂದವನು ನವನಗರದ ಬೀರೇಶ, ಸರಕಾರಿ ನೌಕರ. ಮಾತು ಹೊರಡದೆ ಕೀಲಿಗೊಂಚಲು ತಿರುಗಿಸುತ್ತ ಕೂತಿದ್ದ.

'ಮೊದಲು ಬಂದ ನಾಲ್ವರೂ ಕೇಳಿದ್ದು ಒಂದೇ, ಅಡಿಗಿ ಬರತೈತೇನು ಅಂತ. ಇವನೂ ಅದನ್ನೇ ಕೇಳ್ತಾನೆ, ನೋಡ್ತಿರು...' ಎಂದುಕೊಂಡಳು ಜಯಶ್ರೀ.

"ನೀವು ಯಾವತ್ತರ ಇದರಾಗ ಆಟ ಆಡೀರೇನ್ರಿ?" ಅವನು ಕಂಪ್ಯೂಟರ್ ತೋರಿಸಿ ಕೇಳಿದ.

ಅವಳು ಥಟ್ಟನೆ ತಲೆ ಎತ್ತಿದಳು. "ಇದರಾಗ? ಮಂದಿ ಪಹಣಿ ತಗಿಯೂದ ಮುಗಿಯಂಗಿಲ್ರಿ!"

ಅವನು ನಕ್ಕ. ಕೀಲಿಗೊಂಚಲಿನಿಂದ ಪೆನ್‌ಡ್ರೈವ್ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿದ. "ಹಳೀ ಬಾಗಲಕೋಟಿ ಬಿಟ್ಟು ನವನಗರಕ್ಕ ಬಂದಾಗ ನಾ ಸಣ್ಣಾಂವ. ಗೆಳ್ಯಾರು ಒಬ್ಬರೂ ಇರಲಿಲ್ಲ. ಈ ಆಟ ಒಂದ ಇತ್ತು. ಚಾಲೂದಿಂದ ಕಡೀತನಕ ಹತ್ತ ನಿಮಿಷ, ಅಷ್ಟ."

ಕಪ್ಪು ಪರದೆಯ ತುಂಬ ಚುಕ್ಕಿ. ಕೆಳಗೆ ಎರಡು ಪುಟ್ಟ ನೌಕೆ, ಮೇಲಿನಿಂದ ಸಾಲುಸಾಲಾಗಿ ವೈರಿಗಳು. ಗುಂಡು ಹೊಡೆಯಬೇಕು, ತಪ್ಪಿಸಿಕೊಳ್ಳಬೇಕು. ಇದೇನು ಮಕ್ಕಳಾಟ ಎಂದುಕೊಂಡೇ ಬೆರಳಿಟ್ಟವಳು ಮೊದಲ ಸಾಲು ಪುಡಿಯಾಗುತ್ತಲೇ ಗಟ್ಟಿಯಾಗಿ ನಕ್ಕು ಕುರ್ಚಿ ಮುಂದೆಳೆದುಕೊಂಡಳು!

ಒಂದೇ ಕೀಬೋರ್ಡು, ನಾಲ್ಕು ಕೈ. ಮೊಣಕೈಗೆ ಮೊಣಕೈ ತಾಗುತ್ತಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ. ಸುಳ್ಳು ಯಾಕೆ ಹೇಳಲಿ, ತಿಳಿದಿತ್ತು.

ಕೊನೆಗೆ ವೈರಿಗಳ ದೊಡ್ಡ ನೌಕೆ ಬಂತು. ಅವಳ ಮೂರೂ ಜೀವ ಮುಗಿದವು. ಅವನ ಬಳಿ ಒಂದೇ ಉಳಿದಿತ್ತು. ಅವನು ಒಂದು ಗುಂಡಿ ಒತ್ತಿದ. ಅವನ ನೌಕೆ ಮಾಯವಾಗಿ ಅವಳದು ಮತ್ತೆ ಮೂಡಿತು!

"ಇದೇನ್ ಮಾಡಿದ್ರಿ?"

"ನನ್ನ ಜೀವಾ ನಿಮಗ ಕೊಟ್ಟೆ. ಆಡ್ರಿ."

ಅವಳ ಎದೆ ಡವಡವ ಎಂದಿತು. ಗುಂಡು ಹೊಡೆಯುವುದೇ ಮರೆತುಹೋಗಿ ಆ ಜೀವವೂ ಹೋಯಿತು. ಅಷ್ಟರಲ್ಲಿ ಒಳಗಿನಿಂದ ಹಿರಿಯರು ಕರೆದರು. ಬೀರೇಶ ಗಡಿಬಿಡಿಯಲ್ಲಿ ಎದ್ದು ಹೋದ. ಪೆನ್‌ಡ್ರೈವ್ ಅಲ್ಲೇ ಉಳಿಯಿತು.

ಮೂರನೆಯ ದಿನ ಅಪ್ಪ ಅಮಸಿದ್ದಪ್ಪ ಮುಖ ತಗ್ಗಿಸಿ ಹೇಳಿದರು. "ಕುಂಡಲಿ ಕೂಡಿಲ್ಲಂತವ್ವಾ."

ಹಾಗಂದರೆ ಹುಡುಗಿ ಮನಸ್ಸಿಗೆ ಬರಲಿಲ್ಲ ಅಂತ. ನಮ್ಮ ಕಡೆ ಇಷ್ಟು ಯಾರಿಗೆ ಗೊತ್ತಿಲ್ಲ! ಮೊದಲಿನವರು ಹೀಗೆಂದಾಗ ಅವಳಿಗೆ ಏನೂ ಅನಿಸಿರಲಿಲ್ಲ. ಈ ಸಲ ಸುಮ್ಮನೆ ಅಡುಗೆಮನೆಗೆ ಹೋಗಿ ಉಳ್ಳಾಗಡ್ಡಿ ಹೆಚ್ಚಲು ಕೂತಳು. ಒಂದು ಸಾಕಾಗಿತ್ತು, ಆರು ಹೆಚ್ಚಿದಳು.

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಒಬ್ಬಳೇ ಆ ಆಟ ಆಡತೊಡಗಿದಳು. ವೈರಿಗಳು ಪ್ರತಿ ಸಲವೂ ಅದೇ ಜಾಗದಿಂದಲೇ ಬರುತ್ತಾರೆಂದು ಕಂಡುಕೊಂಡಳು. ಎಡಕ್ಕೆ ಮೂರು, ಬಲಕ್ಕೆ ಐದು... ಸೋತರೂ ಸಿಟ್ಟು ಬರುತ್ತಿರಲಿಲ್ಲ. ಹತ್ತೇ ನಿಮಿಷ ತಾನೇ, ಇನ್ನೊಮ್ಮೆ ಅನ್ನಿಸುತ್ತಿತ್ತು. ಆದರೆ ಕೊನೆಯ ನೌಕೆ ಮಾತ್ರ ಒಬ್ಬರಿಗೆ ಬಗ್ಗುವಂಥದ್ದಲ್ಲ. ಒಬ್ಬರು ಅದರ ಗುಂಡು ತಮ್ಮತ್ತ ಸೆಳೆದರೆ ಇನ್ನೊಬ್ಬರು ಹೊಡೆಯಬೇಕು.

ಹದಿನೈದು ದಿನ ತಡೆದಳು. ಆಮೇಲೆ ಬಯೋಡೇಟಾದಲ್ಲಿದ್ದ ನಂಬರಿಗೆ ಫೋನ್ ಮಾಡಿಯೇಬಿಟ್ಟಳು. "ನಿಮ್ಮ ಪೆನ್‌ಡ್ರೈವ್ ಇಲ್ಲೈತಿ. ಬಂದು ಒಯ್ರಿ."

ರವಿವಾರ ಬೀರೇಶ ಬಂದ. ಸೊರಗಿದ್ದ.

'ಸೊರಗಲಿ!' ಎಂದುಕೊಂಡಳು. ಮರುಕ್ಷಣವೇ, 'ಉಂಡಾನೋ ಇಲ್ಲೋ...'

"ಹೋಗೂಕಿಂತ ಮೊದಲ... ಒಂದಾಟ ಆಡೋಣೇನ್ರಿ?" ಬೀರೇಶ ಕೇಳಿದ.

ಅವಳು ಕುರ್ಚಿ ಅವನತ್ತ ಸರಿಸಿದಳು. ಅವಳ ನೌಕೆ ಒಂದೂ ಪೆಟ್ಟು ತಿನ್ನದೆ ಮುಂದೆ ಹೋಗುವುದನ್ನು ಕಂಡು ಅವನು ಬೆರಗಾದ.

"ಇಷ್ಟ ಛಲೋ ಯಾವಾಗ ಕಲ್ತ್ರಿ?"

"ಕುಂಡಲಿ ಕೂಡಲಿಲ್ಲಲ್ಲ, ಅವಾಗಿಂದ!" ಅವಳು ಕೀಲಿಯನ್ನು ಜೋರಾಗಿ ಒತ್ತಿದಳು. "ನಾ ಮನಸಿಗೆ ಬರಲಿಲ್ಲಂತ ಸೀದಾ ಹೇಳ್ಬೇಕಿತ್ತು. ಕುಂಡಲಿ ನೆಪ ಯಾಕ ಹೇಳಿದ್ರಿ?"

ಅವನು ಪರದೆ ಬಿಟ್ಟು ಅವಳತ್ತ ತಿರುಗಿದ. ಢಮ್! ಅವನ ಕೊನೆಯ ಜೀವವೂ ಹೋಯಿತು.

"ನಾವೆಲ್ಲಿ ಹೇಳೇವ್ರಿ? ನಿಮ್ಮಪ್ಪಾರ ಫೋನ್ ಮಾಡಿ, ಹುಡುಗಿಗೆ ಮನಸಿಲ್ಲ ಅಂದ್ರು! ಅವತ್ತ ನೀವು ಅಷ್ಟ್ ನಕ್ಕಿದ್ದು ಆಟಕ್ಕ, ನನ್ನ ನೋಡಿ ಅಲ್ಲ ಅಂತ ತಿಳಕೊಂಡೆ..."

ಜಯಶ್ರೀ ಆಟ ಅಲ್ಲಿಗೇ ತಡೆದು ನಿಲ್ಲಿಸಿದಳು. "ಯಪ್ಪಾ!"

ಅಮಸಿದ್ದಪ್ಪ ಬಾಗಿಲಲ್ಲೇ ಇದ್ದರು. "ನೀ 'ಹೊಡೀರಿ, ಬಿಡಬ್ಯಾಡ್ರಿ' ಅಂತ ಒದರಿದ್ದು ಪಡಸಾಲಿತನಕ ಕೇಳ್ತವ್ವಾ. ಢಮ್ ಢಮ್ ಸಪ್ಪಳ ಬ್ಯಾರೆ! ಒಳಗ ಬಂದು ನೋಡಾಕ ಮರ್ಯಾದಿ ಅಡ್ಡ ಬಂತು. ಹತ್ತ ನಿಮಿಷದಾಗ ಜಗಳಾಡವ್ರು ಜನ್ಮಾ ಹೆಂಗ ಕಳೀತಾರಂತ ನಾನ ಮುರದೆ."

"ನನ್ನ ಒಂದ್ ಮಾತ ಕೇಳ್ಬೇಕಿತ್ತಲ್ಲ!"

"ಕೇಳ್ಬೇಕಿತ್ತು. ತಪ್ಪಾತವ್ವಾ." ಅವರ ದನಿ ಒಡೆಯಿತು. ಕಣ್ಣೊರೆಸಿಕೊಳ್ಳುತ್ತ ಚಹಾ ಇಡಿಸಲು ಒಳಗೆ ಹೋದರು.

ಪರದೆಯ ಮೇಲೆ ಆ ದೊಡ್ಡ ನೌಕೆ ಎದುರಾಗಿತ್ತು, ಅವಳ ಮೂರೂ ಜೀವ ಉಳಿದಿದ್ದವು. ಜಯಶ್ರೀ ಆಟ ಮತ್ತೆ ಶುರು ಮಾಡಿ, ಜೀವ ಕೊಡುವ ಆ ಗುಂಡಿ ಒತ್ತಿದಳು. ಬೀರೇಶನ ನೌಕೆ ಅವಳದರ ಪಕ್ಕ ಮೂಡಿತು.

"ಬರ್ರಿ. ಇದು ಒಬ್ಬಾಕಿಂದ ಆಗಂಗಿಲ್ಲ."

ಅವನು ಗುಂಡು ಸೆಳೆದ, ಅವಳು ಹೊಡೆದಳು. ದೊಡ್ಡ ನೌಕೆ ಚೂರುಚೂರಾಯಿತು! ಈ ಸಲ ಅವಳು ಕಿರುಚಲಿಲ್ಲ, ಅತ್ತುಬಿಟ್ಟಳು.

"ಈಗರ ಹೇಳ್ರಿ," ಅವನು ಮೆಲ್ಲಗೆ ಕೇಳಿದ. "ನಿಮಗ ಮನಸ ಐತಿಲ್ಲೋ?"

"ಅವತ್ತ ಜೀವಾ ಕೊಟ್ಟ್ರಲ್ಲ, ಅವಾಗಿಂದ ಐತಿ." ಕಣ್ಣೊರೆಸಿಕೊಂಡು ನಕ್ಕಳು. "ಅಡಿಗಿ ಬರತೈತೇನಂತ ಕೇಳಂಗಿಲ್ಲೇನ್ರಿ?"

"ನನಗ ಬರತೈತ್ರಿ. ಉಳ್ಳಾಗಡ್ಡಿ ಹೆಚ್ಚೂದೊಂದ ಆಗಂಗಿಲ್ಲ, ಕಣ್ಣೀರ ಬರತಾವ."

"ಅದನ್ನ ನಾ ಈ ಹದಿನೈದ ದಿನದಾಗ ಭಾಳ ಕಲ್ತೇನಿ."

ಬೀರೇಶನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವನು ಕೀಬೋರ್ಡಿನ ಮೇಲಿದ್ದ ಅವಳ ಕೈ ಹಿಡಿದುಕೊಂಡ.

"ಇನ್ನ ಒಬ್ಬಾಕೀನ ಹೆಚ್ಚಬ್ಯಾಡ, ಜಯಾ."