ಡಿಸೆಂಬರಿನ ನೆರಳು

ನೆಲದ ಮೇಲೆ ಹರಡಿದ್ದ ಬಲೂನಿನ ಕಪ್ಪು ಬಟ್ಟೆಯ ಮೇಲೆ ಮಂಡಿಯೂರಿ ಭಾರ್ಗವಿ ಹನ್ನೆರಡನೆಯ ಹೊಲಿಗೆಯ ಉದ್ದಕ್ಕೂ ಬೆರಳಾಡಿಸುತ್ತಿದ್ದಳು. ಪ್ರತಿ ಹಾರಾಟಕ್ಕೂ ಮೊದಲು ಅವಳೇ ನೋಡಬೇಕು. ಹೊರಗೆ ಇನ್ನೊಂದು ಬಲೂನು ಬೆಂಕಿಯಿಲ್ಲದೆ, ಸದ್ದಿಲ್ಲದೆ ಮೇಲೇಳುತ್ತಿತ್ತು. ಬುಟ್ಟಿಯಲ್ಲಿ ಒಬ್ಬ ಗರ್ಭಿಣಿ. ಹಿಮಾಲಯದ ಈ ಕಣಿವೆಗೆ ಚಳಿಗಾಲದಲ್ಲಿ ರಸ್ತೆಯಿಲ್ಲ. ಆಸ್ಪತ್ರೆ ಇರುವುದು ಬೆಟ್ಟದಾಚೆ, ಪೂರ್ವಕ್ಕೆ.

ಬಿಸಿಲುಬಟ್ಟೆ ಭಾರ್ಗವಿ ಕಂಡುಹಿಡಿದದ್ದು. ಅದು ಬಿಸಿಲನ್ನು ಹೀರಿ ಒಳಗಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರಾಗಿ ಬಲೂನನ್ನು ಎತ್ತುತ್ತದೆ. ಬಿಸಿಲು ತಪ್ಪಿದರೆ ಬಲೂನು ಬೀಳುತ್ತದೆ.

ಎರಡು ವರ್ಷದ ಹಿಂದೆ, 2061ರ ಡಿಸೆಂಬರಿನಲ್ಲಿ, ಮೊದಲ ಬಲೂನು ಹಾಗೆಯೇ ಬಿದ್ದಿತ್ತು. ಮಧ್ಯಾಹ್ನ ಶಿಖರ ದಾಟಿ ಆಚೆ ಇಳಿಯುವಾಗ ಬೆಟ್ಟದ ನೆರಳಿಗೆ ಸಿಕ್ಕಿ, ತಣ್ಣಗಾಗಿ, ಹಿಮದ ಮೇಲೆ ಕುಸಿಯಿತು. ಚಾಲಕ ಪೊನ್ನಪ್ಪನ ಮೂರು ಬೆರಳು ಹೋದವು.

ತನಿಖೆಯಲ್ಲಿ ಬಲೂನಿನ ನೆತ್ತಿಯ ಹೊಲಿಗೆಯೊಳಗೆ ನಾಲ್ಕು ಜೋಳದ ಕಾಳು ಸಿಕ್ಕವು. ಅದನ್ನು ಹೊಲಿದವಳು ನಿಂಬೆವ್ವ. ಯಂತ್ರಕ್ಕಿಂತ ಒತ್ತಾಗಿ ಹೊಲಿಯುತ್ತಾಳೆಂದು ಗದಗಿನ ಕಡೆಯಿಂದ, ಹಳೆಬಟ್ಟೆಯ ಕೌದಿ ಹೊದಿಕೆ ಹೊಲಿಯುತ್ತಿದ್ದ ಅವಳನ್ನು ಕರೆತಂದವಳು ಭಾರ್ಗವಿಯೇ. ನಿಂಬೆವ್ವ ಏನನ್ನೂ ಮುಚ್ಚಿಡಲಿಲ್ಲ. "ಹೊಲದದ್ದರ ಹೊಟ್ಟಿ ಖಾಲಿ ಇರಬಾರದ್ರಿ. ನಮ್ಮ ಮನ್ಯಾಗ ಕೌದಿಗೂ ಹಾಕ್ತೀವಿ" ಎಂದಿದ್ದಳು. ಕಾಳು ಉಜ್ಜಿ ಬಟ್ಟೆ ತೂತಾಯಿತು, ಗಾಳಿ ಸೋರಿತು ಎಂದು ವರದಿ ಬಂತು. ಭಾರ್ಗವಿ ಸಹಿ ಹಾಕಿದಳು.

ಸಹಿ ಹಾಕುವ ಹಿಂದಿನ ದಿನವೇ ಅವಳಿಗೆ ನಿಜ ಗೊತ್ತಾಗಿತ್ತು. ನೆರಳಿನ ಲೆಕ್ಕಕ್ಕೆ ಅವಳು ಜೂನ್ ತಿಂಗಳ ಸೂರ್ಯನನ್ನು ಹಿಡಿದಿದ್ದಳು. ಡಿಸೆಂಬರಿನ ಸೂರ್ಯ ತಗ್ಗಿನಲ್ಲೇ ಸಾಗುತ್ತಾನೆ, ನೆರಳು ಬೇಗ ಚಾಚುತ್ತದೆ. ಆಮೇಲೆ ಹಾರಾಟಗಳನ್ನೆಲ್ಲ, ಬೆಟ್ಟದಾಚೆ ಬಿಸಿಲಿರುವ ಬೆಳಗಿನ ಹೊತ್ತಿಗೆ ಬದಲಾಯಿಸಿದಳು. ಏಕೆಂದು ಯಾರೂ ಕೇಳಲಿಲ್ಲ.

"ಚಾ ಆರತೈತ್ರಿ ಮೇಡಮ್ಮಾರ." ನಿಂಬೆವ್ವ ಬಾಗಿಲಲ್ಲೇ ನಿಂತಿದ್ದಳು. ಈಗ ಅವಳ ಕೆಲಸ ಅಡುಗೆಮನೆಯಲ್ಲಿ.

"ಒಳಗೆ ಬನ್ನಿ."

"ಏ ಬ್ಯಾಡ್ರಿ."

"ನಿಂಬಕ್ಕಾ, ಬಟ್ಟೆ ಮುಟ್ಟಬ್ಯಾಡವಾ, ಇನ್ನೊಂದು ಬಿದ್ದೀತು!" ಅಡುಗೆಯವನು ಹೊರಗಿನಿಂದ ಕೂಗಿದ. ಯಾರೋ ನಕ್ಕರು.

"ಸುಮ್ನಿರೋ, ನಿನ್ನ ಸಾರು ಕುಡದ್ರ ಬಲೂನ್ ತಾನ ಬೀಳತೈತಿ," ಎಂದು ನಿಂಬೆವ್ವನೂ ನಕ್ಕಳು. ಹೊಸ್ತಿಲ ಮೇಲೆ ಲೋಟ ಇಟ್ಟ ಮೇಲೆ ದನಿ ಇಳಿಯಿತು. "ಮಗಳು ಹಡದಾಳ್ರಿ. ಕೂಸಿಗೆ ಕೌದಿ ಹೊಲದೆ. ಕಾಳ ಹಾಕಲಿಲ್ಲ. ಮೂರ್ ತಲಿಮಾರಿನಿಂದ ಯಾರೂ ಹಂಗ ಖಾಲಿ ಹೊಲದಿಲ್ಲ. ಏನ್ ಮಾಡ್ಲಿ, ಪೊನ್ನಪ್ಪ ಸಾಹೇಬರ ಕೈ ನೋಡಿದಾಗೆಲ್ಲ ನನ್ನ ಕೈ ಕಡಕೋಬೇಕು ಅನಸತೈತಿ."

ಭಾರ್ಗವಿ ಕೈಚಾಚಿ ಲೋಟ ಎತ್ತಿಕೊಂಡಳು. ಎರಡು ವರ್ಷ ಈಕೆಯ ಕೈಯಿಂದ ಚಹಾ ಕುಡಿದಿದ್ದೇನೆ ಎಂದುಕೊಂಡಳು. ಹೊಸದೊಂದು ಮುರಿದುಬಿದ್ದರೆ ಮೊದಲು ಹೊಲಿದವರ ಕೈ ನೋಡುತ್ತೇವೆ; ಲೆಕ್ಕ ಹಾಕಿದವರನ್ನು ಕೇಳುವುದು ಯಾರಿಗೂ ತೋಚುವುದಿಲ್ಲ.

"ಸಕ್ರಿ ಸಾಕಾತ್ರಿ?"

"ಸಾಕು."

ಅವಳು ಹೋದ ಮೇಲೆ ಭಾರ್ಗವಿ ಎದ್ದಳು. ಹನ್ನೊಂದಕ್ಕೆ, ಅಂದು ತನಿಖೆ ನಡೆಸಿದ್ದ ಸಮಿತಿಯ ಸಭೆ. ಬಿಸಿಲುಬಟ್ಟೆಗೆ ಭಾರ್ಗವಿಯ ಹೆಸರಿಡುವ ವಿಚಾರ. ಪೆಟ್ಟಿಗೆಯ ತಳದಿಂದ ನೆರಳಿನ ಹಳೆಯ ಲೆಕ್ಕದ ಹಾಳೆ ತೆಗೆದು, ‘ಜೂನ್’ ಎಂಬ ತಿಂಗಳ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದಳು. ಕೆಳಗೆ ಇಂದಿನ ತಾರೀಖು, ಸಹಿ.

"ಸಭೆಗೆ ಕಡತ ಒಯ್ಯಲಾ ಮೇಡಂ?" ಗುಮಾಸ್ತೆ ಇಣುಕಿದಳು.

"ಒಂದು ನಿಮಿಷ," ಎಂದು ಭಾರ್ಗವಿ ಆ ಹಾಳೆಯನ್ನು ಎಲ್ಲಕ್ಕಿಂತ ಮೇಲಿಟ್ಟು ದಾರ ಬಿಗಿದು ಕೊಟ್ಟಳು.