ಎರಡು ಹನಿಗಳ ನಡುವೆ

ಮುದುಕಿ ಕಪ್ಪು ಕನ್ನಡಕ ಹಾಕಿಕೊಂಡಿದ್ದಳು. ಪಕ್ಕದಲ್ಲಿ ಮಗ, ಅವನ ತೋಳಿನಲ್ಲಿ ಟವೆಲ್ ಸುತ್ತಿದ ಗಂಟು.

"ಕಣ್ಣಿನ ಪೊರೆ ಆಪರೇಷನ್‌ಗೆ ಬಂದಿದ್ವಿ," ಎಂದ.

ಕಡೂರಿನ ನಮ್ಮ ಕ್ಲಿನಿಕ್‌ಗೆ ದಾರಿ ತಪ್ಪಿ ಬರುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ಅಲ್ಲಿ ಸಹಾಯಕಿಯಾದ ನಾನು ರಿಜಿಸ್ಟರ್ ಬರೆಯುತ್ತಲೇ, "ಇದು ಪ್ರಾಣಿಗಳ ಆಸ್ಪತ್ರೆ ಕಣ್ರೀ. ಅಜ್ಜೀನ ಆಚೆ ರಸ್ತೆಗೆ ಕರ್ಕೊಂಡ್ಹೋಗಿ," ಎಂದೆ.

"ನಂದಾಗಿ ಆರ್ ತಿಂಗ್ಳಾಯ್ತು ಕಣವ್ವಾ," ಎಂದಳು ಮುದುಕಿ. "ಈಗ ಇವಳ್ದಾಗ್ಬೇಕು."

ನಾನು ತಲೆ ಎತ್ತಿದೆ. ಟವೆಲ್ ಅಲುಗಾಡಿತು. ಬಿಳಿ ಪಮೇರಿಯನ್ ನಾಯಿಯೊಂದು ತಲೆ ಹೊರಹಾಕಿತು. ಅದರ ಎರಡು ಕಣ್ಣೂ ಮಜ್ಜಿಗೆ ತುಂಬಿದ ಲೋಟದ ಹಾಗಿದ್ದವು.

ಮಗನ ಕಡೆ ನೋಡಿದೆ. ಅವನು ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದ್ದ. ಕಿವಿ ಮಾತ್ರ ಕೆಂಪಗೆ ಕಾಣುತ್ತಿತ್ತು. ನಾನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಆ ಕಿವಿಯನ್ನೇ ನೋಡಿದೆ.

ಅವನ ಹೆಸರು ಬಸವೇಶ್. ತರೀಕೆರೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ತಾಯಿ ದ್ಯಾವಮ್ಮ. ನಾಯಿ ಮಂಡಕ್ಕಿಗೆ ಒಂಬತ್ತು ವರ್ಷ, ಸಕ್ಕರೆ ಕಾಯಿಲೆ. ನಾಯಿಗಳಿಗೆ ಸಕ್ಕರೆ ಬಂದರೆ ಪೊರೆ ಬೇಗ ಕಟ್ಟುತ್ತದೆ. ಇದಕ್ಕೆ ಎರಡೇ ತಿಂಗಳಲ್ಲಿ ಲೋಕ ಮುಚ್ಚಿಹೋಗಿತ್ತು.

"ನನ್ ಶುಗರ್ರೇ ಅಂಟಿರ್ಬೇಕು," ಎಂದಳು ದ್ಯಾವಮ್ಮ. "ಒಂದೇ ತಟ್ಟೇಲಿ ಉಂಡೋರು ನಾವು."

ಕಣ್ಣಿನ ಡಾಕ್ಟರ್ ಮೇಡಂ ತಿಂಗಳಿಗೆ ಎರಡು ಭಾನುವಾರ ಮಷಿನ್ ಸಮೇತ ನಮ್ಮಲ್ಲಿಗೆ ಬರುತ್ತಾರೆ. ಹಿಂಭಾಗದ ನರ ಬದುಕಿದೆಯೇ ಎಂದು ಪರೀಕ್ಷೆ ಮಾಡಿ, ಎರಡೂ ಕಣ್ಣಿನ ಪೊರೆ ತೆಗೆದು ಲೆನ್ಸ್ ಕೂರಿಸಿದರು. ರಾತ್ರಿ ಉಳಿದು ಮರುದಿನ ಬೆಳಗ್ಗೆ ಅದರ ಮುಂದೆ ಒಂದು ಹತ್ತಿಯ ಉಂಡೆ ಬೀಳಿಸಿದರು. ಸದ್ದಿಲ್ಲದೆ ಬಿದ್ದ ಉಂಡೆಯ ಹಿಂದೆಯೇ ಮಂಡಕ್ಕಿಯ ನೋಟವೂ ಕೆಳಗಿಳಿಯಿತು. ದ್ಯಾವಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಬಸವೇಶ್ ನನ್ನನ್ನು ನೋಡಿದ. ಉಂಡೆ ಬೀಳಿಸಿದ್ದು ಮೇಡಂ, ನೋಡಿದ್ದು ನನ್ನನ್ನು.

ಮೊದಲ ವಾರ ನಾಯಿ ಕ್ಲಿನಿಕ್‌ನಲ್ಲೇ ಇತ್ತು. ಆಮೇಲೆ ಮನೆಯಲ್ಲಿ ಬೆಳಗ್ಗೆ, ಸಂಜೆ ಹನಿ ಹಾಕಬೇಕು. ಒಬ್ಬರು ಗಲ್ಲ ಹಿಡಿಯಬೇಕು, ಇನ್ನೊಬ್ಬರು ರೆಪ್ಪೆ ಎತ್ತಿ ಹನಿ ಬಿಡಬೇಕು. ದ್ಯಾವಮ್ಮನ ಕೈ ನಡುಗುತ್ತಿತ್ತು.

"ನನ್ ಮನೆ ತರೀಕೆರೆ ಬಸ್‌ಸ್ಟ್ಯಾಂಡ್ ಹಿಂದೇನೇ. ಬಂದು ಹಾಕ್ತೀನಿ," ಎಂದೆ. ಯಾರೂ ಕೇಳಿರಲಿಲ್ಲ.

ಔಷಧಿ ಎರಡು. ಬಿಳಿ ಬಾಟಲಿಯದು ಮೊದಲು, ಹಸಿರು ಬಾಟಲಿಯದು ಐದು ನಿಮಿಷ ಬಿಟ್ಟು. ಒಟ್ಟಿಗೆ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಹಾಗಾಗಿ ನಮಗೆ ದಿನಕ್ಕೆ ಎರಡು ಸಲ ಐದೈದು ನಿಮಿಷ ಸಿಕ್ಕಿತು. ನಾಯಿ ಮಧ್ಯದಲ್ಲಿ, ನಾವು ಆಚೀಚೆ.

ತಾಮ್ರದ ತಂತಿ ಸುತ್ತಿ ಸುತ್ತಿ ಅವನ ತೋರುಬೆರಳಿನಲ್ಲಿ ಸಣ್ಣ ಗೆರೆಗಳಿದ್ದವು. ಮಂಡಕ್ಕಿಯ ಗಲ್ಲದ ಕೆಳಗೆ ಆ ಬೆರಳು ನನ್ನ ಕಿರುಬೆರಳಿಗೆ ತಾಗುತ್ತಿತ್ತು. ಇಬ್ಬರೂ ತೆಗೆಯುತ್ತಿರಲಿಲ್ಲ.

"ಟೈಮ್ ನೋಡ್ತಿದೀರಾ?" ಎಂದೆ ಒಂದು ಸಂಜೆ.

"ನೀವ್ ನೋಡ್ತಿದೀರ ಅನ್ಕಂಡೆ."

"ಏಳ್ ನಿಮಿಷ ಆಯ್ತು ಕಣ್ರೀ."

"ಪಾಪ, ನಾಯಿಗೆ ಗಡಿಯಾರ ಬರಲ್ಲ ಬಿಡಿ."

ಒಳಗಿನಿಂದ ದ್ಯಾವಮ್ಮ, "ನನ್ ಕಣ್ಣಿಗೆ ಎರಡ್ ದಿನ ನೋಡಿ ಮನೆಗೆ ಹೋಗು ಅಂದ್ರು. ಇವಳ್ಗೆ ರಾಜೋಪಚಾರ," ಎನ್ನುತ್ತ ಮೂರು ಲೋಟ ಕಾಫಿ ತಂದಿಟ್ಟಳು. ಸಕ್ಕರೆ ಇಲ್ಲದ್ದು ಅವಳದು.

ಬೀರೂರಿನ ಒಬ್ಬನ ಜೊತೆ ನನ್ನ ನಿಶ್ಚಿತಾರ್ಥವಾಗಿ ಮುರಿದದ್ದನ್ನು ಎರಡು ಹನಿಗಳ ನಡುವೆಯೇ ಹೇಳಿದೆ. "ಅವ್ನಿಗೆ ಪೊರೆ ಬಂದಿತ್ತು," ಎಂದ ಬಸವೇಶ್. ನಕ್ಕುಬಿಟ್ಟೆ. ಮೂವತ್ತನಾಲ್ಕು ದಾಟಿದವಳಿಗೆ ಹಾಗೆ ನಗಿಸುವವನು ಸಿಕ್ಕರೆ ಬುದ್ಧಿ ಸ್ವಲ್ಪ ಹಿಂದೆ ಬೀಳುತ್ತದೆ.

ಐದನೇ ವಾರದ ತಪಾಸಣೆಯಲ್ಲಿ ಮೇಡಂ ನನಗೆ ಸ್ಪಷ್ಟವಾಗಿ ಹೇಳಿದರು: "ಅಶ್ವಿನಿ, ಬಿಳಿ ಬಾಟಲ್ ಇವತ್ತಿಗೆ ನಿಲ್ಲಿಸು. ಶುಗರ್ ಇರೋ ನಾಯಿ, ಒಂದು ಗೀರು ಬಿದ್ರೂ ಆ ಔಷಧಿ ಇದ್ರೆ ಮಾಯಲ್ಲ. ಹಸಿರುದೊಂದೇ ಸಾಕು."

ಒಂದೇ ಬಾಟಲಿಯಾದರೆ ಕಾಯುವುದೇನಿದೆ? ಹನಿ ಹಾಕು, ಚಪ್ಪಲಿ ಮೆಟ್ಟು, ಹೊರಡು.

ಸಂಜೆ ಬಸವೇಶ್ ಕೇಳಿದ: "ಏನಂದ್ರು ಮೇಡಂ?"

"ಎರಡೂ ಇನ್ನೆರಡ್ ವಾರ ಹಾಕ್ಬೇಕಂತೆ."

"ಸರಿ," ಎಂದ ತಕ್ಷಣ. ಮಂಡಕ್ಕಿಯ ಗಲ್ಲ ಎತ್ತಿ ಹಿಡಿದ.

ಅದಾದ ಒಂಬತ್ತನೇ ದಿನ ಹಿತ್ತಲಲ್ಲಿ ಬೆಕ್ಕಿನ ಹಿಂದೆ ಓಡಿದ ಮಂಡಕ್ಕಿಯ ಎಡಗಣ್ಣಿಗೆ ಬೇಲಿಯ ಕಡ್ಡಿ ತಗುಲಿತು. ಸಂಜೆ ಸ್ವಲ್ಪ ಕೆಂಪಾಗಿತ್ತು. ನನಗೆ ತಿಳಿಯಬೇಕಿತ್ತು. ತಿಳಿದಿತ್ತು ಎಂದರೂ ಸುಳ್ಳಲ್ಲ. ಆದರೆ ಅಂದು ಬಿಳಿ ಬಾಟಲಿ ಬಿಟ್ಟರೆ ಯಾಕೆಂದು ಹೇಳಬೇಕಾಗುತ್ತಿತ್ತು, ಹಾಕಿದೆ. ಬೆಳಗ್ಗೆಯೂ ಹಾಕಿದೆ. ಮೂರನೇ ದಿನಕ್ಕೆ ಕಣ್ಣಿನ ಮೇಲ್ಪದರ ನೆನೆದ ಸಬ್ಬಕ್ಕಿಯ ಹಾಗೆ ಕರಗುತ್ತಿತ್ತು.

ಸುದ್ದಿ ಕೇಳಿ ಮೇಡಂ ಅದೇ ದಿನ ಬಂದರು. ಕಣ್ಣು ಉಳಿಯಲಿಲ್ಲ, ತೆಗೆದರು. "ಬಿಳಿ ಬಾಟಲ್ ನಿಲ್ಲಿಸಿದ್ದೆ ತಾನೇ?" ಎಂದಾಗ, "ಇಲ್ಲ. ನಾನೇ ಹಾಕ್ತಿದ್ದೆ," ಎಂದೆ. ಅವರು ಬೈಯಲಿಲ್ಲ. "ಇನ್ಮೇಲೆ ಔಷಧಿ ಕಪಾಟಿನ ಬೀಗದ ಕೈ ಕಾಂಪೌಂಡರ್ ಚಂದ್ರಕುಮಾರ್ ಹತ್ರ ಇರ್ಲಿ," ಎಂದರು.

ಕ್ಲಿನಿಕ್‌ನ ಮೆಟ್ಟಿಲ ಮೇಲೆ ಬಸವೇಶ್‌ಗೆ ಎಲ್ಲ ಹೇಳಿದೆ. ಆ ಐದು ನಿಮಿಷ ಬೇಕಿತ್ತು, ಅದಕ್ಕೇ ಸುಳ್ಳು ಹೇಳಿದೆ, ಎಂದೆ. ಅದೇ ನನ್ನ ಪ್ರೇಮನಿವೇದನೆ.

ಅವನು ಮೊಬೈಲ್ ತೆಗೆದು ತೋರಿಸಿದ. ತಪಾಸಣೆಯ ಚೀಟಿಯನ್ನು ಕ್ಲಿನಿಕ್‌ನವರು ಮಾಲೀಕರಿಗೂ ವಾಟ್ಸಾಪ್ ಮಾಡುತ್ತಾರೆ. ಬಿಳಿ ಬಾಟಲಿ ನಿಲ್ಲಿಸಬೇಕೆಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು.

"ಅವತ್ತೇ ಓದಿದ್ದೆ," ಎಂದ. "ನಂಗೂ ಬೇಕಿತ್ತು ಅಶ್ವಿನಿ."

ಎಂಥ ಹೊತ್ತಿನಲ್ಲಿ ಬಂತು ಆ ಮಾತು. ಒಳಗೆ ನಾಯಿ ಅರಿವಳಿಕೆಯಲ್ಲಿ ಮುಲುಗುತ್ತಿತ್ತು, ಹೊರಗೆ ನನ್ನ ಮೈ ಬೆಚ್ಚಗಾಯಿತು. ಇಬ್ಬರೂ ತಪ್ಪಿತಸ್ಥರು, ಇಬ್ಬರೂ ಹೊರೋಣ ಅಂದುಕೊಂಡೆ. ಹೊರುವವರು ಇಬ್ಬರಿದ್ದರೆ ಸಂಸಾರ ನಡೆಯುತ್ತದೆ.

ಮರುಸಂಜೆ ಮನೆಗೆ ಹೋದೆ. ಮಂಡಕ್ಕಿಯ ತಲೆ ದ್ಯಾವಮ್ಮನ ತೊಡೆಯ ಮೇಲಿತ್ತು.

"ಒಂದ್ ಕಣ್ಣಾದ್ರೂ ಉಳಿಸ್ಕೊಟ್ಟೆ ಕಣವ್ವಾ," ಎಂದಳು. "ಅಜ್ಜಂಪುರಕ್ಕೋಗಿ ನಿನ್ನ ಸಾಕಿದ ನಿಮ್ ಮಾವನ್ನ ಕಂಡು ನಿನ್ನ ಹೆಣ್ ಕೇಳ್ಬೇಕು ಅಂತ ಇವ್ನಿಗೆ ಹೇಳ್ತಿದ್ದೆ."

ಆ ಮಾತು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಹೇಳಿದೆ. ನಿಲ್ಲಿಸಬೇಕಿದ್ದ ಔಷಧಿ ಹಾಕಿದ್ದು, ಸುಳ್ಳು ಹೇಳಿದ್ದು, ಕಣ್ಣು ಹೋಗಿದ್ದು ಅದರಿಂದಲೇ ಎನ್ನುವುದು.

ದ್ಯಾವಮ್ಮ ನಾಯಿಯ ಬೆನ್ನು ಸವರುವುದನ್ನು ನಿಲ್ಲಿಸಿದಳು. ಮಗನ ಕಡೆ ತಿರುಗಿ, "ನಿಂಗೊತ್ತಿತ್ತೇನಪ್ಪಾ?" ಎಂದಳು.

ಬಸವೇಶ್ ನೆಲ ನೋಡಿದ. "ಇಲ್ಲ ಕಣವ್ವಾ."

ಅವನ ಜೇಬಿನಲ್ಲಿದ್ದ ಮೊಬೈಲ್ ನನಗೆ ಕಾಣುತ್ತಿತ್ತು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

"ಹೋಗವ್ವಾ," ಎಂದಳು ದ್ಯಾವಮ್ಮ, ಕೋಪವಿಲ್ಲದೆ. "ಮೂಕ್‌ಪ್ರಾಣಿ ಅದು. ಹೋಗು."

ಗೇಟಿನ ಹತ್ತಿರ ಅವನು ಹಿಂದೆ ಬಂದ. "ಅವ್ವ ಈಗ ತಡ್ಕೊಳಲ್ಲ. ಸಮಯ ನೋಡ್ಕಂಡು ನಿಧಾನಕ್ಕೆ ಹೇಳ್ತೀನಿ. ನೀನ್ ಬೇಜಾರ್ ಮಾಡ್ಕೋಬೇಡ."

ಮೊದಲ ಸಲ ಏಕವಚನದಲ್ಲಿ ಕರೆದಿದ್ದ. ಎಷ್ಟು ದಿನದಿಂದ ಕಾದಿದ್ದೆ ಅದಕ್ಕೆ.

"ಬಲಗಣ್ಣಿಗೆ ಹಸಿರುದು ದಿನಕ್ಕೊಂದ್ ಸಲ," ಎಂದೆ. "ಬೆಳಗ್ಗೆ ಚಂದ್ರಕುಮಾರ್ ಬಂದು ಹಾಕ್ತಾನೆ. ಗಲ್ಲ ನೀವೇ ಹಿಡ್ಕೊಳಿ."

"ಅಶ್ವಿನಿ."

ನಾನು ನಡೆದೆ. ಅವನ ಮನೆಯಿಂದ ಮುಖ್ಯರಸ್ತೆಯ ತಿರುವಿಗೆ ನಲವತ್ತು ಹೆಜ್ಜೆಯೂ ಇಲ್ಲ. ನಿಧಾನವಾಗಿಯೇ ಹೋದೆ. ತಿರುವಿನಲ್ಲಿ ಹೊರಳಿ ನೋಡಿದಾಗ ಅವನು ಗೇಟಿನ ಚಿಲಕ ಹಿಡಿದು ಒಳಗೇ ನಿಂತಿದ್ದ. ತಿರುವಿನವರೆಗೆ ಅವನು ಬಂದಿದ್ದರೆ ನಾನು ನಿಲ್ಲುತ್ತಿದ್ದೆ.