ಅವನು ಎದ್ದ ದೃಶ್ಯ

ಸೇತುವೆಯಿಂದ ಬಿದ್ದವನು ನಾಯಕನಲ್ಲ, ನಾಯಕನ ಡೂಪ್. ಬಿದ್ದಾಗ ಅವನ ಮಂಡಿ ಮುರಿಯಿತು. ಸಿನಿಮಾದಲ್ಲಿ ಅವನು ಬಿದ್ದದ್ದನ್ನು ಉಳಿಸಿಕೊಂಡರು. ಎದ್ದದ್ದನ್ನು ಕತ್ತರಿಸಿ ಹಾಕಿದರು.

ಕತ್ತರಿ ಆಡಿಸಿದ್ದು ಅವಳ ಕೈ.

"ಎಡಿಟರ್ ಯಾರು?"

ಬಿಡುಗಡೆಗೆ ಮುಂಚಿನ ಪ್ರದರ್ಶನ ಮುಗಿದು ಜನ ಹೊರಗೆ ಬರುತ್ತಿದ್ದರು. ಊರುಗೋಲಿನ ಮೇಲೆ ಭಾರ ಹಾಕಿ, ಬಾಗಿಲಿಗೆ ಅಡ್ಡವಾಗಿ ನಿಂತು ಹಾಗೆ ಕೇಳಿದವನನ್ನು ಅವಳು ನೋಡಿದ ಕೂಡಲೇ ಗುರುತಿಸಿದಳು.

'ಜಿಗಿ...!'

ಎಲ್ಲಿಂದ ಹೇಳಿದರೂ ಜಿಗಿಯುತ್ತಾನೆಂದು ಸೆಟ್ಟಿನಲ್ಲಿ ಅವನಿಗೆ ಬಿದ್ದಿದ್ದ ಹೆಸರು ಅದು. ಅವನು ಅವಳನ್ನು ಕಂಡದ್ದು ಇದೇ ಮೊದಲು. ಅವಳು ಮಾತ್ರ ತಿಂಗಳುಗಟ್ಟಲೆ ಅವನನ್ನೇ ನೋಡಿದ್ದಳು, ಎಡಿಟಿಂಗ್ ಕೋಣೆಯ ಪರದೆಯ ಮೇಲೆ.

'ಆ್ಯಕ್ಷನ್' ಎನ್ನುವ ಮುಂಚಿನ, 'ಕಟ್' ಎಂದ ನಂತರದ ಚೂರುಗಳು ಯಾವ ಪ್ರೇಕ್ಷಕನ ಕಣ್ಣಿಗೂ ಬೀಳುವುದಿಲ್ಲ. ಎಡಿಟರ್ ನೋಡುತ್ತಾಳೆ. ಜಿಗಿಯುವ ಮುಂಚೆ ಅವನು ಎಡಕಿವಿ ಉಜ್ಜಿಕೊಳ್ಳುತ್ತಿದ್ದ. ಇಳಿದ ಮೇಲೆ ಮುಸುಕು ಕಿತ್ತು, "ಯಾರಿಗೂ ತಾಗಿಲ್ಲ ತಾನೇ?" ಎಂದು ಲೈಟ್ ಹಿಡಿದವರನ್ನು ಕೇಳುತ್ತಿದ್ದ. ಬಿಸಾಡಬೇಕಾದ ಆ ಚೂರುಗಳಲ್ಲೇ ಅವಳು ಅವನಿಗೆ ಮನಸೋತಿದ್ದಳು.

"ನಾನೇ..." ಎಂದಳು.

"ಓಹೋ! ಕತ್ತರಿ ಮೇಡಂ ಅಂದ್ರೆ ನೀವೇನಾ?" ಅವನ ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. "ನಾನು ಬಿದ್ದಿದ್ದು ಮಾತ್ರ ಬೇಕಾಗಿತ್ತಾ ನಿಮಗೆ?"

"ಬಿಡೋ, ಯಾಕೆ ಸುಮ್ನೆ," ಎಂದು ಹಿಂದಿನಿಂದ ಅವನ ಅಕ್ಕ ತೋಳು ಹಿಡಿದಳು. ಆದರೆ ಅಕ್ಕನಿಗೇ ತಡೆಯಲಾಗಲಿಲ್ಲ. "ಮೂತಿಗಂತೂ ಮುಸುಕು. ನಡಿಗೆ ನೋಡಿಯಾದ್ರೂ, ಇವನೇ ನನ್ನ ತಮ್ಮ ಅಂತ ಪಕ್ಕದ ಸೀಟಿನವರಿಗೆ ಹೇಳೋಣ ಅಂತ ಬಂದೆ ತಾಯಿ. ಇನ್ಮೇಲೆ ಇವನು ಜಿಗಿಯೋ ಹಾಗಿಲ್ಲವಂತೆ. ಇದೇ ಕೊನೇದು."

ಕೊನೇದು...!

ಅದನ್ನು ತೆಗೆದ ದಿನ ಅವಳ ಕಣ್ಣ ಮುಂದೆ ಬಂತು.

ಸಿನಿಮಾದ ಕಥೆಯಲ್ಲಿ ಆರು ಜನ ಮಹಾವೀರರು. ಆರು ಜನರಿಗೂ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಅವರಲ್ಲೊಬ್ಬ, ಮುಸುಕಿನವನು, ಸೇತುವೆಯಿಂದ ಬೀಳುತ್ತಾನೆ. ಏಳುತ್ತಾನೆ. ಕಾಲೆಳೆಯುತ್ತಾ ಉಳಿದ ಐವರ ಕಡೆಗೆ ನಡೆಯುತ್ತಾನೆ. ಅವನ ನಡಿಗೆ ನೋಡನೋಡುತ್ತಲೇ ಐವರ ಬಾಯಿಯೂ ಕಟ್ಟುತ್ತದೆ. ಒಬ್ಬಳು ಬಂದು ಹೆಗಲು ಕೊಡುತ್ತಾಳೆ. ಅಲ್ಲಿಂದ ಅವರು ಒಂದು.

"ಆರು ಜನ ಹೀರೋಗಳೂ ಮುಖ ಸಪ್ಪಗೆ ಮಾಡ್ಕೊಂಡು ಕೂತ್ರೆ ಅದು ಸಿನಿಮಾನಾ, ಸಂತಾಪ ಸಭೆನಾ?" ಎಂದಿದ್ದರು ನಿರ್ಮಾಪಕರು. "ಆ ಕುಂಟೋದನ್ನ ತೆಗಿ. ಅಲ್ಲಿ ಇನ್ನೆರಡು ಕಟ್ಟಡ ಬೀಳಿಸು!"

ಅವಳು ಅಲ್ಲೇ ಕೂತು ತೆಗೆದಿದ್ದಳು.

ಇವತ್ತು ಪರದೆಯ ಮೇಲೆ ಕಟ್ಟಡಗಳು ಉರುಳಿದವು, ಬೆಂಕಿ ಮುಗಿಲು ಮುಟ್ಟಿತು. ಮರುಕ್ಷಣ ಆ ಆರು ಜನ ತಬ್ಬಿಕೊಂಡು ನಿಂತಾಗ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಈಗ ತಾನೇ ಕಚ್ಚಾಡ್ತಿದ್ರಲ್ಲ, ರಾಜಿ ಯಾವಾಗಾಯ್ತು?" ಇಡೀ ಸಭಾಂಗಣ ಘೊಳ್ಳೆಂದು ನಕ್ಕಿತು. ಅಷ್ಟೆಲ್ಲ ಬಿದ್ದಿತ್ತು, ಯಾರೂ ಎದ್ದಿರಲಿಲ್ಲ.

"ನಾಟಕದ ಥರ ಇತ್ತಾ ನಾನು ಎದ್ದಿದ್ದು?" ಅವನ ದನಿ ತಗ್ಗಿತು. "ಅದಕ್ಕೇ ತೆಗೆದ್ರಾ?"

"ನಾಟಕ ಅಲ್ಲ ಅಂತ ಗೊತ್ತಾಯ್ತು... ಅದಕ್ಕೇ." ಅವಳು ಅವನ ಮಂಡಿ ನೋಡಿದಳು. "ಎಲ್ಲರೂ ಎಂಥಾ ನಟನೆ ಅಂದ್ರು. ನಿಮ್ಮ ನಡಿಗೆ ನನಗೆ ಗೊತ್ತು. ಮಂಡಿ ಹೋಗಿದೆ ಅಂತ ನನಗೊಬ್ಬಳಿಗೇ ಗೊತ್ತಾಯ್ತು. ಅವರು ತೆಗಿ ಅಂದಾಗ... ಸದ್ಯ, ಇನ್ನು ಇದನ್ನ ನೋಡಬೇಕಾಗಿಲ್ಲ ಅಂತ ತೆಗೆದುಬಿಟ್ಟೆ. ನೋಡೋಕೆ ಆಗ್ಲಿಲ್ಲ ನನಗೆ!"

"ನಿಮಗೆ ನೋಡೋಕೇ ಆಗ್ಲಿಲ್ಲ. ನಾನು ಎದ್ದೆ ಮೇಡಂ! ಕ್ಯಾಮೆರಾ ಓಡ್ತಾ ಇದೆ, ಬಿದ್ದೇ ಇದ್ರೆ ಶಾಟ್ ಕೆಡುತ್ತೆ ಅಂತ ಎದ್ದೆ!"

ಅವಳು ತಲೆ ತಗ್ಗಿಸಿದಳು. 'ನನ್ನ ಸಂಕಟವನ್ನೇ ದೊಡ್ಡದು ಮಾಡಿಕೊಂಡೆನಲ್ಲ... ಇವನ ಪಾಡನ್ನು ಕಸದ ಬುಟ್ಟಿಗೆ ಹಾಕಿ, ಅದಕ್ಕೆ ಪ್ರೀತಿ ಅಂತ ಹೆಸರಿಟ್ಟೆನಲ್ಲ! ಅದು ಬರೀ ಹೇಡಿತನ.'

"ಬನ್ನಿ," ಎಂದಳು. "ಇಬ್ಬರೂ ಬನ್ನಿ."

ಎಡಿಟಿಂಗ್ ಕೋಣೆ ಅದೇ ಕಟ್ಟಡದ ಹಿಂಭಾಗದಲ್ಲಿತ್ತು. ಅವಳು ಬೀಳುವ ಕಟ್ಟಡಗಳನ್ನು ಕಿತ್ತು ಪಕ್ಕಕ್ಕಿಟ್ಟಳು. ಏಳುವ ಅವನನ್ನು ತಂದು ಅವನ ಜಾಗದಲ್ಲೇ ಕೂರಿಸಿದಳು.

ಪರದೆಯ ಮೇಲೆ ಮುಸುಕಿನವನು ಬಿದ್ದ. ಅಂಗೈ ಊರಿದ. ಒಮ್ಮೆ ಕುಸಿದ. ಮತ್ತೆ ಊರಿದ. ಎದ್ದ.

ಈ ಸಲ ಅವಳು ಕಣ್ಣು ತಿರುಗಿಸಲಿಲ್ಲ.

ಅವನ ಅಕ್ಕ, ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಇವನೇ... ನನ್ನ ತಮ್ಮ."

ದೃಶ್ಯ ಮುಗಿಯಿತು. ಪರದೆ ಮಾತ್ರ ಓಡುತ್ತಲೇ ಇತ್ತು, ಹಿಂದೆಯೇ ಆ ಹಳೆಯ ಚೂರುಗಳು. ಕಿವಿ ಉಜ್ಜುವ ಅವನು, ಮುಸುಕು ಕಿತ್ತು ನಗುವ ಅವನು, "ಯಾರಿಗೂ ತಾಗಿಲ್ಲ ತಾನೇ?" ಎನ್ನುವ ಅವನು... ಅವಳು ದಡಬಡಿಸಿ ನಿಲ್ಲಿಸುವಷ್ಟರಲ್ಲಿ ಅವನು ನೋಡಿಯಾಗಿತ್ತು.

"ಇದನ್ನೆಲ್ಲ ಯಾಕೆ ಇಟ್ಕೊಂಡಿದೀರಿ?"

"ಬಿಸಾಡೋಕೆ... ಮನಸ್ಸಾಗ್ಲಿಲ್ಲ."

ಅಕ್ಕ ಇಬ್ಬರ ಮುಖವನ್ನೂ ನೋಡಿದಳು. "ನನಗೆ ಬಾಯಾರಿಕೆಯಪ್ಪಾ!" ಎಂದು ಎದ್ದು ಹೋದಳು.

ಅಕ್ಕ ಹೋದ ಬಾಗಿಲಲ್ಲೇ ನಿರ್ಮಾಪಕರು ಒಳಗೆ ಬಂದರು. ಪರದೆ ನೋಡಿದರು, ಊರುಗೋಲು ನೋಡಿದರು.

"ಯಾರನ್ನ ಕೇಳಿ ಸೇರಿಸ್ದೆ?"

"ಜನ ನಕ್ಕಿದ್ದು ಕೇಳಿಸ್ಲಿಲ್ವಾ ಸಾರ್?"

"ನಗಲಿ, ಟಿಕೆಟ್ ತಗೊಂಡೇ ನಗ್ತಾರೆ! ಸಂಜೆಯೊಳಗೆ ಅದು ಹೋಗಬೇಕು. ಇಲ್ಲಾಂದ್ರೆ ಈ ಕುರ್ಚೀಲಿ ಬೇರೆಯವರು ಕೂರ್ತಾರೆ. ನಿನಗೆ ಎಲ್ಲೂ ಕೆಲಸ ಹುಟ್ಟದ ಹಾಗೆ ನೋಡ್ಕೋತೀನಿ."

ಅವರ ಹಿಂದೆ ಬಾಗಿಲು ದಢಾರೆಂದಿತು.

ಅವನು ಎಡಕಿವಿ ಉಜ್ಜಿಕೊಂಡ. ಅದರ ಅರ್ಥ ಅವಳಿಗೆ ಗೊತ್ತಿತ್ತು. 'ಈಗ ಇವನು ಜಿಗಿಯುತ್ತಾನೆ...'

"ತೆಗೆದುಬಿಡು," ಎಂದ.

"ಏನಂದ್ರಿ?"

"ತೆಗೆದುಬಿಡು ಅಂದೆ. ಅಕ್ಕ ನೋಡಿದ್ಲು, ನಾನು ನೋಡಿದೆ... ನೀನು ನೋಡಿದೆ. ಅಷ್ಟು ಸಾಕು ಕಣೇ. ನನ್ನ ಕಾಲಿನ ಜೊತೆ ನಿನ್ನ ಕೈಯೂ ಹೋಗೋದು ಬೇಡ."

ಅವಳು ಕೀಬೋರ್ಡಿನಿಂದ ಕೈ ತೆಗೆದಳು. ಊರುಗೋಲು ಹಿಡಿದಿದ್ದ ಅವನ ಕೈಮೇಲೆ ಇಟ್ಟಳು.

"ಹಠ ಮಾಡ್ಬೇಡ..."

"ಒಂದು ಸಲ ಅವರು ಹೇಳಿದ್ರು ಅಂತ ತೆಗೆದೆ," ಎಂದಳು. ಕಣ್ಣೀರು ಇಳಿಯುತ್ತಿತ್ತು, ದನಿ ನಡುಗಲಿಲ್ಲ. "ಈಗ ನೀನು ಹೇಳಿದ್ರೂ ತೆಗೆಯಲ್ಲ."